ಲಾಯರಕ್ಕ ಮತ್ತು ಇಲ್ಲದ ಗಂಟೆ

ಕುಟುಂಬಗಳ ಉಯಿಲು, ಟ್ರಸ್ಟ್ ಮತ್ತು ಅಪಘಾತ ಪರಿಹಾರದ ಕ್ಷೇತ್ರದಲ್ಲಿ ಬಹುಕಾಲ ದುಡಿದು, ಈ ವರ್ಷ ತಮ್ಮ ಕರಿಕೋಟನ್ನು ಮೊಳೆಗೆ ತೂಗುಹಾಕಿದ ನಮ್ಮ ಹಿರಿಯ ವಕೀಲರನ್ನು ಕುರಿತು ಬರೆಯಬೇಕೆಂದು ಈ ಅಭಿನಂದನ ಸಂಪುಟದ ಸಂಪಾದಕರು ಕೇಳಿದಾಗ, ಏನು ಬರೆಯಲಿ ಎಂದು ನಾನು ಆ ವಕೀಲರನ್ನೇ ಕೇಳಿದೆ. ನ್ಯಾಯಾಧೀಶರಿಂದ ಹಿಡಿದು ನ್ಯಾಯಾಲಯದ ಮೆಟ್ಟಿಲು ಗುಡಿಸುವವರವರೆಗೆ ಎಲ್ಲರೂ ಅವರನ್ನು ಕರೆಯುವುದು ‘ಲಾಯರಕ್ಕ’ ಎಂದು. ಈ ಲೇಖನದಲ್ಲೂ ಹಾಗೆಯೇ ಕರೆಯುತ್ತೇನೆ. ಅವರು ಕನ್ನಡಕ ಒರೆಸುತ್ತ ಹೇಳಿದರು:

“ಹೊಗಳಿ ಬರೆದ್ರೆ ನಾನು ಓದಲ್ಲ. ಬರೆಯೋದಾದ್ರೆ ಆ ಮೆಕ್ಯಾನಿಕ್ ಮನೆ ವಿಷಯ ಬರಿ. ಕಟ್ಟಿದ್ದು, ಕೆಡಿಸಿದ್ದು, ಎರಡೂ ಬರಿ.”

ಅದನ್ನೇ ಬರೆಯುತ್ತಿದ್ದೇನೆ. ಮೆಕ್ಯಾನಿಕ್ಕರ ಮಗಳು ಇದನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ಒಂದು ಸಾಲನ್ನೂ ಹೊಡೆದುಹಾಕಲಿಲ್ಲ.

ನಮ್ಮ ಕ್ಷೇತ್ರಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ಇಲ್ಲಿ ಕಾಗದ ಬರೆಸಿದವರು ಆ ಕಾಗದ ಕೆಲಸಕ್ಕೆ ಬರುವ ಹೊತ್ತಿಗೆ ಇರುವುದಿಲ್ಲ. ಬೇರೆ ವಕೀಲರು ತಮ್ಮ ಕೆಲಸ ಸರಿಯಾಯಿತೋ ಇಲ್ಲವೋ ಎಂದು ಕಕ್ಷಿದಾರರ ಮುಖ ನೋಡಿ ತಿಳಿಯಬಹುದು, ನಮಗೆ ಆ ಮುಖವೇ ಇರುವುದಿಲ್ಲ. ಬಹುಪಾಲು ವಕೀಲರು ಇದನ್ನು ಅನುಕೂಲವೆಂದೇ ಎಣಿಸುತ್ತಾರೆ. ಲಾಯರಕ್ಕ ಮಾತ್ರ ಇದನ್ನೊಂದು ಕೊರತೆ ಎಂದು ತಿಳಿದು, ಅದನ್ನು ತುಂಬಲು ತಮ್ಮದೇ ಒಂದು ವಿಧಾನ ಮಾಡಿಕೊಂಡರು. ಅದಕ್ಕೆ ಅವರಿಟ್ಟ ಹೆಸರು ‘ಇಲ್ಲದ ಗಂಟೆ’.

ನಾನು ಅವರ ಕಚೇರಿಗೆ ಜೂನಿಯರ್ ಆಗಿ ಸೇರಿದ ವಾರವೇ ಅದನ್ನು ಕಂಡೆ. ಉಯಿಲು ಅಥವಾ ಟ್ರಸ್ಟ್ ಬರೆಸಲು ಬಂದವರ ಮನೆಗೆ ಲಾಯರಕ್ಕ ತಾವೇ ಹೋಗುತ್ತಿದ್ದರು. ಮನೆಯವರೆಲ್ಲ ಹೊರಕೋಣೆಯಲ್ಲಿ ಕೂರಬೇಕು. ಬರೆಸುವವರು ಮಾತ್ರ ಒಳಕೋಣೆಗೆ ಹೋಗಿ ಕುರ್ಚಿಯ ಮೇಲೆ ಕೂತು ಬಾಗಿಲನ್ನು ಅರ್ಧ ಮುಚ್ಚಿಕೊಳ್ಳಬೇಕು. ಆಮೇಲೆ ಲಾಯರಕ್ಕ ಹೇಳುತ್ತಿದ್ದರು: “ಈಗ ಅವರಿಲ್ಲ. ನಿಮ್ಮ ಪಾಡಿಗೆ ನೀವು ಮನೆ ನಡೆಸಿ.” ಮುಂದಿನ ಒಂದು ಗಂಟೆ ಆ ಮನೆ ಅವರಿಲ್ಲದೆ ನಡೆಯಬೇಕು. ಅಡುಗೆ ಆಗಬೇಕು, ಔಷಧಿ ಕೊಡಬೇಕು, ಬಾಡಿಗೆಯವನ ಫೋನಿಗೆ ಉತ್ತರ ಹೇಳಬೇಕು, ಬೀರುವಿನಿಂದ ವಿಮೆಯ ಕಾಗದ ತೆಗೆಯಬೇಕು. ಒಳಗಿರುವವರನ್ನು ಏನನ್ನೂ ಕೇಳುವಂತಿಲ್ಲ, ಅವರೂ ಏನನ್ನೂ ಹೇಳುವಂತಿಲ್ಲ.

ಲಾಯರಕ್ಕ ಮೂಲೆಯಲ್ಲಿ ಕೂತು ಒಂದೇ ಒಂದನ್ನು ಗಮನಿಸುತ್ತಿದ್ದರು. ಯಾರ ಕತ್ತು ಯಾವಾಗ ಆ ಅರ್ಧ ಮುಚ್ಚಿದ ಬಾಗಿಲ ಕಡೆಗೆ ತಿರುಗುತ್ತದೆ? ತಿರುಗಿದ ಪ್ರತಿಯೊಂದು ಕತ್ತಿಗೂ ಅವರ ಪತ್ರದಲ್ಲಿ ಒಂದು ಕಲಂ ಹುಟ್ಟುತ್ತಿತ್ತು. ಅಳಿಯನ ಕತ್ತು ಬೀಗದ ಕೈಗಾಗಿ ತಿರುಗಿದರೆ ಬೀಗದ ಕೈ ಯಾರ ಬಳಿ ಇರಬೇಕೆಂಬ ಕಲಂ. ಸೊಸೆಯ ಕತ್ತು ಮಗುವಿನ ಶಾಲೆಯ ವಿಚಾರಕ್ಕೆ ತಿರುಗಿದರೆ ಆ ತೀರ್ಮಾನ ಯಾರದೆಂಬ ಕಲಂ. “ಯಾರ ಕತ್ತೂ ತಿರುಗದ ಹಾಗೆ ಬರೆದ್ರೆ ಅದು ಉಯಿಲು. ಮಿಕ್ಕಿದ್ದೆಲ್ಲ ಟೈಪಿಂಗ್ ಖರ್ಚು” ಎನ್ನುವುದು ಅವರು ಜೂನಿಯರುಗಳಿಗೆ ಹೇಳುತ್ತಿದ್ದ ಮಾತು.

ಈ ವಿಧಾನದಲ್ಲಿ ನಗೆಯೂ ಇತ್ತು. ಮುದ್ರಣಾಲಯದ ಮಾಲೀಕರೊಬ್ಬರ ಮನೆಯಲ್ಲಿ ಹಿರಿಮಗ ವಿಮೆಯ ಕಾಗದಕ್ಕಾಗಿ ಬೀರುವನ್ನೆಲ್ಲ ಜಾಲಾಡುತ್ತಿದ್ದಾಗ ಒಳಕೋಣೆಯಿಂದ ಕೂಗು ಬಂತು: “ಎರಡನೇ ಅರೆ ಕಣೋ ಪೆದ್ದ, ಕಂಬಳಿ ಕೆಳಗೆ!”

“ಸತ್ತೋರು ಮಾತಾಡಬಾರದು ಯಜಮಾನ್ರೇ” ಎಂದರು ಲಾಯರಕ್ಕ. “ಮೊದಲಿಂದ ಶುರು ಮಾಡೋಣ.”

“ಇನ್ನೊಂದ್ಸಲ ಸಾಯ್ಬೇಕಾ?”

“ಹ್ಞೂಂ. ಈ ಸಲ ಬಾಯಿ ಮುಚ್ಕೊಂಡು ಸಾಯಿರಿ.”

ಆದರೆ ನಗೆ ಬಾರದ ಮನೆಗಳೂ ಇದ್ದವು. ಒಂದು ಮನೆಯಲ್ಲಿ ಗಂಟೆ ಮುಗಿದರೂ ಬಾಗಿಲು ತೆರೆಯಲು ಯಾರೂ ಏಳಲಿಲ್ಲ. ಸೊಸೆ ತರಕಾರಿ ಹೆಚ್ಚುತ್ತಲೇ ಇದ್ದಳು, ಮಗ ಪತ್ರಿಕೆ ತಿರುವುತ್ತಲೇ ಇದ್ದ, ಮೊಮ್ಮಗಳು ಹಾಡು ಗುನುಗುತ್ತಿದ್ದಳು. ಯಾವ ಕತ್ತೂ ತಿರುಗಿರಲಿಲ್ಲ. ಕೊನೆಗೆ ಒಳಗಿದ್ದ ಅಜ್ಜಿ ತಾವೇ ಬಾಗಿಲು ತಳ್ಳಿಕೊಂಡು ಹೊಸ್ತಿಲ ಮೇಲೆ ಬಂದು ನಿಂತರು. ಮನೆಯವರು ತಲೆ ಎತ್ತಿ ನೋಡಿದರು. ಆ ನೋಟವನ್ನು ನಾನು ಹೇಗೆ ವಿವರಿಸಲಿ? ಬರಬಾರದವರು ಬಂದಾಗ ನೋಡುವ ನೋಟ ಅದು. ನಾವು ಮೆಟ್ಟಿಲಿಳಿಯುವಾಗ ಅಜ್ಜಿ ಲಾಯರಕ್ಕನ ಕೈ ಹಿಡಿದು, “ನನ್ನ ಹೆಸರಿಗೆ ಒಂದು ಕೋಣೆ ಬರಿಯಮ್ಮ. ನಾನಿರೋವರೆಗೂ ಅದರ ಬೀಗದ ಕೈ ನನ್ನ ಹತ್ರಾನೇ ಇರ್ಲಿ” ಎಂದರು. ಲಾಯರಕ್ಕ ಅಂದೇ ಬರೆದುಕೊಟ್ಟರು.

ಇನ್ನು ಮೆಕ್ಯಾನಿಕ್ಕರ ವಿಷಯ.

ಅವರು ಲಿಫ್ಟ್ ರಿಪೇರಿ ಮಾಡುವವರು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮ. ಶಾಲೆಗೆ ಹೋಗುವ ಒಬ್ಬಳೇ ಮಗಳು. ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟಿನ ಬಾಗಿಲ ಕೊಂಡಿ ಕೆಟ್ಟಿದೆ ಎಂದು ಮೊದಲೇ ದೂರು ಹೋಗಿತ್ತು, ಯಾರೂ ಸರಿಪಡಿಸಿರಲಿಲ್ಲ. ಬೇರೇನೋ ಕೆಲಸಕ್ಕೆ ಹೋಗಿದ್ದ ಮೆಕ್ಯಾನಿಕ್ ಆ ಬಾಗಿಲಿಗೆ ಒರಗಿದರು. ಬಾಗಿಲು ತೆರೆದುಕೊಂಡಿತು. ಲಿಫ್ಟ್ ಅಲ್ಲಿರಲಿಲ್ಲ.

ಅವರ ಜೀವವೇನೋ ಉಳಿಯಿತು. ಕಟ್ಟಡದವರು ತಪ್ಪೆಲ್ಲ ಅವರದೇ ಎಂದರು. ತಾವು ತಕ್ಷಣ ಹುಡುಕಿದ್ದಾಗಿಯೂ ವಾದಿಸಿದರು. ಲಾಯರಕ್ಕ ನ್ಯಾಯಾಲಯದ ಅನುಮತಿ ಪಡೆದು, ಲಿಫ್ಟನ್ನು ಮೇಲೆ ನಿಲ್ಲಿಸಿ, ಏಣಿ ಇಳಿದು ಆ ಗುಂಡಿಯೊಳಗೆ ಹೋದರು. ನಾನೂ ಇಳಿದೆ. ಗ್ರೀಸಿನ ವಾಸನೆ, ತೇವ, ಕಾಲಡಿಯಲ್ಲಿ ಹಳೆಯ ಟಿಕೆಟ್ಟುಗಳು, ಒಂದು ಮಗುವಿನ ಚಪ್ಪಲಿ. “ಟಾರ್ಚ್ ಆರಿಸು” ಎಂದರು. ಆರಿಸಿದೆ. ಸ್ವಲ್ಪ ಹೊತ್ತಿಗೆ ಮೇಲೆಲ್ಲೋ ಒಂದು ಬಾಗಿಲು ತೆರೆದು, ಬೆಳಕಿನ ಗೆರೆಯಲ್ಲಿ ಒಂದು ತಲೆ ಇಣುಕಿ, “ಯಾರಾದ್ರೂ ಇದ್ದೀರಾ ಕೆಳಗೆ?” ಎಂದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಲಾಯರಕ್ಕ ನನ್ನ ತೋಳು ಅದುಮಿದರು. ಉತ್ತರ ಬಾರದೆ ಆ ತಲೆ ಹಿಂದೆ ಸರಿಯಿತು. ಬಾಗಿಲು ಮುಚ್ಚಿತು.

“ಕೇಳಿಸ್ತಾ?” ಎಂದರು ಕತ್ತಲಲ್ಲಿ. “ಅವತ್ತೂ ಹೀಗೇ ಕೇಳಿ, ಹೀಗೇ ಮುಚ್ಚಿ ಹೋಗಿದ್ದಾರೆ. ಉತ್ತರ ಕೊಡದೇ ಇರೋರನ್ನ ಇಲ್ಲ ಅಂತ ಲೆಕ್ಕ ಹಾಕೋದು ಎಷ್ಟು ಸುಲಭ ನೋಡು.”

ಆ ಮಾತೇ ಅವರ ವಾದವಾಯಿತು. ಮೆಕ್ಯಾನಿಕ್ಕರನ್ನು ಹುಡುಕಿದ್ದು ಹಾಗೆ ಮೇಲಿಂದ ಇಣುಕಿ, ಬಹಳ ಹೊತ್ತಿನ ಮೇಲೆ ಅವರು ಸಿಕ್ಕಿದ್ದು ಆಕಸ್ಮಿಕವಾಗಿ ಎಂಬುದನ್ನು ಕಾವಲುಗಾರನ ಬಾಯಿಂದಲೇ ಹೊರಡಿಸಿದರು. ದೊಡ್ಡ ಪರಿಹಾರವೇ ಬಂತು. ಟೈಲರಮ್ಮನ ತಮ್ಮ ಅದನ್ನು ಕೈಗೆ ಪಡೆದು ಅಂಗಡಿಗೆ ಹಾಕೋಣ ಎಂದ. ಲಾಯರಕ್ಕ ಅವನನ್ನು ಕೂರಿಸಿ, ಆ ಹಣ ಅಕ್ಕನದೂ ಅಲ್ಲ, ಭಾವನ ಮುಂದಿನ ಬದುಕಿನದು ಎಂದು ಸಾವಧಾನವಾಗಿ ತಿಳಿಸಿ, ಇಡೀ ಪರಿಹಾರವನ್ನು ಟ್ರಸ್ಟಿಗೆ ಹಾಕಿಸಿದರು. ಟೈಲರಮ್ಮ ಟ್ರಸ್ಟಿ. ವರ್ಷಕ್ಕೊಮ್ಮೆ ನ್ಯಾಯಾಲಯದ ಅಧಿಕಾರಿ ಮನೆಗೆ ಬಂದು ಮೆಕ್ಯಾನಿಕ್ಕರ ಯೋಗಕ್ಷೇಮ ವಿಚಾರಿಸಬೇಕೆಂಬ ಷರತ್ತೂ ಇತ್ತು.

ಯೋಗಕ್ಷೇಮ ಎಂದರೆ ಹೀಗೆ: ತಲೆಗೆ ಬಿದ್ದ ಪೆಟ್ಟಿನಿಂದ ಅವರಿಗೆ ಹೊಸದೇನೂ ನೆನಪು ನಿಲ್ಲುತ್ತಿರಲಿಲ್ಲ. ಅಪಘಾತಕ್ಕಿಂತ ಹಿಂದಿನದೆಲ್ಲ ಕನ್ನಡಿಯಷ್ಟು ಸ್ಪಷ್ಟ. ಯಾವ ಕಟ್ಟಡದ ಲಿಫ್ಟ್ ಯಾವ ಮಹಡಿಯಲ್ಲಿ ನರಳುತ್ತದೆ ಎಂದೂ ಹೇಳುತ್ತಿದ್ದರು. ಆದರೆ ತಿಂದ ತಿಂಡಿ, ಬಂದ ಅತಿಥಿ, ಆಡಿದ ಮಾತು ಎಲ್ಲವೂ ಕೆಲ ಹೊತ್ತಿನಲ್ಲೇ ಸೋರಿಹೋಗುತ್ತಿತ್ತು. ಲಾಯರಕ್ಕ ಹೋದಾಗಲೆಲ್ಲ ಅವರಿಗೆ ಹೊಸಬರು. “ಲಾಯರಾ? ಹಾಗಾದ್ರೆ ನಾನೇನೂ ತಪ್ಪು ಮಾಡಿಲ್ಲಮ್ಮ, ಮಾಡಿದ್ರೂ ನೆನಪಿಲ್ಲ” ಎಂದು ಪ್ರತಿಸಲವೂ ಅದೇ ಚಟಾಕಿ ಹಾರಿಸುತ್ತಿದ್ದರು. ಲಾಯರಕ್ಕ ಪ್ರತಿಸಲವೂ ಮೊದಲ ಬಾರಿಗೆ ಕೇಳಿದಂತೆ ನಗುತ್ತಿದ್ದರು. ನಾನು ಅವರಲ್ಲಿ ಕಂಡ ದೊಡ್ಡ ಸೌಜನ್ಯಗಳಲ್ಲಿ ಅದೂ ಒಂದು.

ಟೈಲರಮ್ಮನೇ ಆ ಮನುಷ್ಯನ ನೆನಪು. ಒಳಕೋಣೆಯಲ್ಲಿ ಅವಳ ಕಾಲ್ತುಳಿತದ ಹೊಲಿಗೆ ಮಿಷನ್ ಓಡುತ್ತಲೇ ಇರುತ್ತಿತ್ತು. ಇವರು ಹೊರಗಿನಿಂದ ಕೇಳುತ್ತಲೇ ಇರುತ್ತಿದ್ದರು: ಲೇ, ಊಟ ಆಯ್ತಾ ನಂದು? ಲೇ, ಇವತ್ತು ಯಾವ ವಾರ? “ನಿನಗೊಂದು ಕಾಯಿಲೆ ಬಂದ್ರೆ ಇವರ ಗತಿ ಏನಮ್ಮ?” ಎಂದು ಲಾಯರಕ್ಕ ಕೇಳಿದರು. ಹೀಗಾಗಿ ಆ ಮನೆಯಲ್ಲೂ ಇಲ್ಲದ ಗಂಟೆಯೊಂದು ನಿಗದಿಯಾಯಿತು.

ಮೆಕ್ಯಾನಿಕ್ ಹೊರಕೋಣೆಯಲ್ಲಿ ಇರಬಹುದೇ ಎಂಬ ಪ್ರಶ್ನೆ ಬಂದಾಗ ಟೈಲರಮ್ಮ ನಕ್ಕಳು. “ಇರ್ಲಿ ಬಿಡಿ ಅಕ್ಕ. ಅವ್ರಿಗೆ ಏನು ನೆನಪಿರುತ್ತೆ?” ಲಾಯರಕ್ಕ ಒಂದು ಗಳಿಗೆ ಯೋಚಿಸಿ ಹ್ಞೂಂ ಎಂದರು. ಅವರು ಕೆಡಿಸಿದ್ದು ಎಂದದ್ದು ಆ ಹ್ಞೂಂ ಅನ್ನೇ.

ಟೈಲರಮ್ಮ ಒಳಕೋಣೆಗೆ ಹೋಗಿ ಮಿಷನ್ನಿನ ಪಕ್ಕ ಕೂತಳು. ಬಾಗಿಲು ಅರ್ಧ ಮುಚ್ಚಿತು. ನಿಯಮದಂತೆ ಸದ್ದಿಲ್ಲ. ಆ ಮನೆಯಲ್ಲಿ ಮಿಷನ್ ಸದ್ದಿಲ್ಲದ ಬೆಳಗನ್ನು ನಾನು ಅದೇ ಮೊದಲು ಕೇಳಿದ್ದು. ಕಿವಿಯೊಳಗೆ ಹತ್ತಿ ತುರುಕಿದ ಹಾಗಿತ್ತು.

ಮೆಕ್ಯಾನಿಕ್ ಕತ್ತು ತಿರುಗಿಸಿದರು. “ಲೇ, ನನ್ನ ಕನ್ನಡಕ ಎಲ್ಲಿ?”

ಉತ್ತರವಿಲ್ಲ. ಮಗಳು ಕನ್ನಡಕ ಹುಡುಕಿ ತಂದುಕೊಟ್ಟಳು.

“ಮಿಷನ್ ಯಾಕೆ ನಿಂತಿದೆ? ಎಲ್ಲಿ ಇವಳು?”

ಮಗಳು ಲಾಯರಕ್ಕನ ಮುಖ ನೋಡಿದಳು. ಆಟದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ವಯಸ್ಸು ಅದು. “ಅಮ್ಮ ಇಲ್ಲಪ್ಪ.”

“ಇಲ್ಲ ಅಂದ್ರೆ?”

“ಅಮ್ಮ ಹೋಗ್ಬಿಟ್ರು.”

ಅವರು ಕನ್ನಡಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೇಳಿದರು. ಮಗಳು ಮತ್ತೆ ಅದನ್ನೇ ಹೇಳಿದಳು. ಮತ್ತೆ ಕೇಳಿದರು. ಮೊದಮೊದಲು ಅವಳು ಅದನ್ನು ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. ಆಮೇಲಾಮೇಲೆ ಸ್ವರ ತೆಳ್ಳಗಾಯಿತು. ಗಂಟೆಯ ಕೊನೆಯ ಹೊತ್ತಿಗೆ ಆ ಮಾತು ಅವಳಿಗೇ ತಗುಲಿತ್ತು. “ಅಮ್ಮ ಹೋಗ್ಬಿಟ್ರು ಅಂತ ಎಷ್ಟು ಸಲ ಹೇಳ್ಲಿ!” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮೆಕ್ಯಾನಿಕ್ ಅವಳ ತಲೆಯನ್ನು ಎದೆಗೊತ್ತಿಕೊಂಡು ಗೋಡೆ ನೋಡುತ್ತ ಕೂತರು. ಆಮೇಲೆ ಕೇಳಲಿಲ್ಲ.

ಲಾಯರಕ್ಕ ಎದ್ದು, ಸಾಕು ಎಂದು ಬಾಗಿಲು ತೆರೆದರು. ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. ಮೆಕ್ಯಾನಿಕ್ ಥಟ್ಟನೆ ಎದ್ದು ನಿಂತು ಕುರ್ಚಿ ಸರಿಸಿಕೊಟ್ಟರು.

“ಬನ್ನಿ, ಕೂತ್ಕೊಳ್ಳಿ. ನೀವು ಅವಳ ಅಕ್ಕ ಅಲ್ವಾ? ಮುಖ ಹಾಗೇ ಇದೆ.”

ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದೆವು. ಟೈಲರಮ್ಮನಿಗೆ ಒಬ್ಬ ತಮ್ಮ ಮಾತ್ರ ಇದ್ದ. ಅಕ್ಕ ಎನ್ನುವವರು ಯಾರೂ ಇರಲಿಲ್ಲ.

ಡಾಕ್ಟರು ವಿವರಿಸಿದ್ದು ಇಷ್ಟು: ಇಂಥ ಪೆಟ್ಟಾದ ತಲೆ ಒಂದು ಜರಡಿ. ಎಲ್ಲ ಸೋರಿಹೋದರೂ ಅಪರೂಪಕ್ಕೆ ಒಂದು ಕಲ್ಲು ಉಳಿದುಬಿಡುತ್ತದೆ, ಅದರಲ್ಲೂ ದುಃಖ ಮೆತ್ತಿಕೊಂಡ ಕಲ್ಲು. ಅಪಘಾತದ ನಂತರ ಆ ಮನುಷ್ಯನ ತಲೆಯಲ್ಲಿ ನಿಂತ ಏಕೈಕ ಸಂಗತಿ ಹೆಂಡತಿಯ ಸಾವು, ಅದೂ ಆಗದ ಸಾವು. ಆ ಸಾವಿಗೆ ಅಂಟಿಕೊಂಡೇ ಆ ಇಲ್ಲದ ಅಕ್ಕನೂ ಉಳಿದಳು.

ಟೈಲರಮ್ಮ ಏನೆಲ್ಲ ಪ್ರಯತ್ನಪಟ್ಟಳು. ಮದುವೆಯ ಫೋಟೋ ಹಿಡಿದು ಪಕ್ಕದಲ್ಲಿ ಮುಖ ಇಟ್ಟು ತೋರಿಸಿದಳು. “ಹೌದು, ನೀವಿಬ್ರೂ ಒಂದೇ ಅಚ್ಚು” ಎಂದರು. ಅವರಿಬ್ಬರಿಗೆ ಮಾತ್ರ ಗೊತ್ತಿರುವ ಮಾತುಗಳನ್ನು ಹೇಳಿದಳು. “ಅವಳು ಅಕ್ಕನ ಹತ್ರ ಎಲ್ಲಾ ಹೇಳ್ಕೊತಿದ್ಲು ಅನ್ಸುತ್ತೆ” ಎಂದು ನಾಚಿಕೊಂಡರು. ಒತ್ತಿ ಒತ್ತಿ ಹೇಳಿದರೆ ಕಣ್ಣು ತುಂಬಿ, “ಸತ್ತವಳ ವಿಷಯದಲ್ಲಿ ತಮಾಷೆ ಮಾಡ್ಬೇಡಿ, ಪಾಪ” ಎನ್ನುತ್ತಿದ್ದರು. ಕೊನೆಗೆ ಅವಳೇ ಕೈಬಿಟ್ಟಳು. ಲಾಯರಕ್ಕ ಅವಳ ಮುಂದೆ ಕೂತು ಹೇಳಿದ್ದನ್ನು ನಾನು ಕೇಳಿದ್ದೇನೆ:

“ನಿನ್ನನ್ನ ಬದುಕಿದ್ದಾಗಲೇ ಸಾಯಿಸಿಬಿಟ್ಟೆ ಕಣೆ.”

“ಬಿಡಿ ಅಕ್ಕ” ಎಂದಳು ಟೈಲರಮ್ಮ. “ಈ ಮನೇಲಿ ಇಷ್ಟು ಮರ್ಯಾದೆ ನಂಗೆ ಯಾವತ್ತು ಸಿಕ್ಕಿತ್ತು? ಬನ್ನಿ ಅಂತಾರೆ, ಕೂತ್ಕೊಳ್ಳಿ ಅಂತಾರೆ, ನಿಮ್ದು ಊಟ ಆಯ್ತಾ ಅಂತಾರೆ.” ಹಾಗೆಂದು ನಗಲು ಹೋಗಿ, ಒಳಕೋಣೆಗೆ ಎದ್ದು ಹೋದಳು.

ಬಾಗಿಲು ಹಾಕಿಕೊಂಡು ಅಳುವಾಗ ಸದ್ದು ಹೊರಗೆ ಕೇಳದಿರಲೆಂದು ಅವಳು ಮಿಷನ್ ತುಳಿಯುತ್ತಿದ್ದಳಂತೆ. ಅಂಥದೊಂದು ಮಧ್ಯಾಹ್ನ, ಮುಚ್ಚಿದ ಬಾಗಿಲಿನ ಆಚೆಯಿಂದ ಹಳೆಯ ಸ್ವರದಲ್ಲಿ ಕೂಗು ಬಂತು: “ಲೇ, ಟೀ ಕೊಡ್ತೀಯಾ?”

ಅವಳ ಕಾಲು ನಿಲ್ಲದೆ ತುಳಿಯುತ್ತಿತ್ತು. “ಬಂದೆ ರೀ” ಎಂದಳು.

“ಬೇಗ ಬಾರೇ.”

ಅವಳು ಓಡಿ ಬಂದು ಬಾಗಿಲು ತೆರೆದಳು. ಮೆಕ್ಯಾನಿಕ್ ಎದ್ದು ನಿಂತರು. “ಬನ್ನಿ, ಕೂತ್ಕೊಳ್ಳಿ.”

ಅಂದಿನಿಂದ ಆ ಮನೆಯ ವ್ಯವಸ್ಥೆ ಹಾಗೆಯೇ ನಡೆಯಿತು. ಬಾಗಿಲು ತೆರೆದಿದ್ದಾಗ ಅವಳು ಸತ್ತವಳ ಅಕ್ಕ. ಬಾಗಿಲು ಮುಚ್ಚಿ ಮಿಷನ್ ಓಡುವಾಗ ಹೆಂಡತಿ. ಮಧ್ಯಾಹ್ನದ ಊಟವಾದ ಮೇಲೆ ಅವಳು ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು, ಇವರು ಕುರ್ಚಿಯನ್ನು ಬಾಗಿಲಿಗೆ ಆನಿಸಿ ಕೂರುತ್ತಿದ್ದರು. ಒಂದು ಹಲಗೆಯ ಈಚೆ ಆಚೆ ಆ ಇಬ್ಬರ ಸಂಸಾರ.

ಇದು ಹೊರಗೆ ಬಿದ್ದದ್ದು ನ್ಯಾಯಾಲಯದ ಅಧಿಕಾರಿ ವರ್ಷದ ಭೇಟಿಗೆ ಬಂದಾಗ. ಅಂದು ಲಾಯರಕ್ಕನೂ ನಾನೂ ಅಲ್ಲಿದ್ದೆವು. “ಹೆಂಡತಿ ತೀರ್ಕೊಂಡ್ಲು ಸಾರ್. ಇವರು ಅವಳಕ್ಕ. ಪಾಪ, ನಮಗೋಸ್ಕರ ಇಲ್ಲೇ ಇದ್ದಾರೆ” ಎಂದರು ಮೆಕ್ಯಾನಿಕ್. ಅಧಿಕಾರಿ ಪೆನ್ನು ಕೆಳಗಿಟ್ಟರು. ಹಾಗಾದರೆ ಟ್ರಸ್ಟಿ ಎಂದು ಸಹಿ ಹಾಕುತ್ತಿರುವವರು ಯಾರು? ಹೆಂಡತಿಯೇ ಎಂದು ದಾಖಲೆ ತೋರಿಸಿದರೆ, ಹೆಂಡತಿಯನ್ನೇ ಗುರುತಿಸದಷ್ಟು ಗಲಿಬಿಲಿ ಈ ಮನೆಯಲ್ಲಿ ಆಗುತ್ತಿದೆಯಾದರೆ ಇವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದೇ ಲೇಸು ಎಂದು ಅವರು ವರದಿ ಬರೆಯುವುದು ಖಚಿತವಾಯಿತು. ಆ ಮನುಷ್ಯನನ್ನು ಗೊತ್ತಿಲ್ಲದ ಗೋಡೆಗಳ ನಡುವೆ ಬಿಡುವುದೆಂದರೆ ಏನು? ಪ್ರತಿ ಬಾರಿ ಕಣ್ಣು ಬಿಟ್ಟಾಗಲೂ ಅವರು ಎಲ್ಲಿದ್ದೇನೆಂದು ತಿಳಿಯದೆ ಎಚ್ಚರಗೊಳ್ಳಬೇಕು. ಟೈಲರಮ್ಮ ಲಾಯರಕ್ಕನ ಕಡೆ ತಿರುಗಿದಳು.

ಲಾಯರಕ್ಕ ಸುಳ್ಳು ಹೇಳಲಿಲ್ಲ. ಅಧಿಕಾರಿಗೆ ಕಾನೂನನ್ನೂ ಓದಿ ಹೇಳಲಿಲ್ಲ. “ಸ್ವಲ್ಪ ಕೂತಿರಿ ಸಾರ್” ಎಂದು, ಟೈಲರಮ್ಮನಿಗೆ ಕಣ್ಸನ್ನೆ ಮಾಡಿದರು. ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಮಿಷನ್ ಓಡತೊಡಗಿತು. ಮೆಕ್ಯಾನಿಕ್ ಎದ್ದು, ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡರು.

“ಲೇ, ಏನು ಹೊಲೀತಿದ್ದೀಯಾ?”

“ಎದುರುಮನೆ ಕೂಸಿಗೆ ಅಂಗಿ ರೀ.”

“ನನ್ನ ಪ್ಯಾಂಟಿನ ಜೇಬು ತೂತು ಬಿದ್ದಿದೆ, ಅದಕ್ಕೆ ಯಾವಾಗ ಮುಹೂರ್ತ?”

“ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಕೊಂಡ್ರೆ ತೂತು ಬೀಳ್ದೆ ಇನ್ನೇನಾಗುತ್ತೆ?”

“ನಿನ್ನ ನಾಲಿಗೆಗಿಂತ ಅದು ಮೊಂಡು ಬಿಡು.”

ಒಳಗೆ ನಗು. ಅಧಿಕಾರಿ ಮುಂದಕ್ಕೆ ಬಾಗಿದರು. “ಈಗ ಮಾತಾಡ್ತಿರೋದು ಯಾರು?”

“ಯಾರು ಅಂದ್ರೆ? ನನ್ನ ಹೆಂಡತಿ.”

“ತೀರ್ಕೊಂಡ್ರು ಅಂದ್ರಲ್ಲ?”

ಮೆಕ್ಯಾನಿಕ್ ಅವರನ್ನು ಕನಿಕರದಿಂದ ನೋಡಿದರು. “ಹೌದು ಸಾರ್. ತೀರ್ಕೊಂಡ್ಲು.”

ಮಿಷನ್ ಓಡುತ್ತಲೇ ಇತ್ತು.  ಲಾಯರಕ್ಕ ಮೆಲ್ಲಗೆ ಹೇಳಿದರು: “ಇವರಿಗೆ ಹೆಂಡತಿ ಇರೋದು ಈ ಒಂದೇ ಬಾಗಿಲ ಹಿಂದೆ. ನೀವು ಕಳಿಸೋ ಜಾಗದಲ್ಲಿ ಈ ಬಾಗಿಲು ಇರುತ್ತಾ?”

ಅಧಿಕಾರಿ ಮನೆಯಲ್ಲೇ ಮುಂದುವರಿಯಲಿ ಎಂದು ಬರೆದರು. ಟೈಲರಮ್ಮನೇ ಟ್ರಸ್ಟಿಯಾಗಿ ಉಳಿದಳು. ಆಮೇಲೆ ಆ ಅಧಿಕಾರಿ ಎಂದೂ ಮಧ್ಯಾಹ್ನದ ಹೊತ್ತಿನಲ್ಲಿ ಆ ಮನೆಗೆ ಬರಲಿಲ್ಲ.

ಲಾಯರಕ್ಕ ತಮ್ಮ ವಿಧಾನವನ್ನು ಬದಲಿಸಿಕೊಂಡರು. ಯಾರ ರಕ್ಷಣೆಗಾಗಿ ಪತ್ರ ಬರೆಯುತ್ತೇವೋ ಅವರು ಇಲ್ಲದ ಗಂಟೆಯಲ್ಲಿ ಕೂರುವಂತಿಲ್ಲ, ಮಕ್ಕಳ ಬಾಯಲ್ಲಿ ಆ ಮಾತು ಹೇಳಿಸುವಂತಿಲ್ಲ. ನಮ್ಮ ಕ್ಷೇತ್ರದ ಕಿರಿಯರು ಈಗ ಈ ನಿಯಮವನ್ನು ಯಾರು ಮಾಡಿದರೆಂದು ತಿಳಿಯದೆಯೇ ಪಾಲಿಸುತ್ತಾರೆ. ಮೆಕ್ಯಾನಿಕ್ಕರ ಮನೆಗಂತೂ ಲಾಯರಕ್ಕ ವಾರವಾರವೂ ಹೋಗುತ್ತಿದ್ದರು. ಅದೇ ಚಟಾಕಿಗೆ ನಗುತ್ತಿದ್ದರು. ಅಂದಿನ ಗಂಟೆಯಲ್ಲಿ ತಿರುಗಿದ ಕತ್ತುಗಳಿಗೆಲ್ಲ ಕಲಂ ಬರೆದು ಟ್ರಸ್ಟನ್ನು ಬಿಗಿಗೊಳಿಸಿದರು: ಔಷಧಿ ಯಾರು ಕೊಡಬೇಕು, ಟೈಲರಮ್ಮನ ನಂತರ ಸಹಿ ಯಾರದು, ಮಗಳ ಓದು ನಿಲ್ಲದಂತೆ ಏನು, ನೋಡಿಕೊಳ್ಳಲು ಬರುವ ನರ್ಸ್ ಬಿಟ್ಟುಹೋದರೆ ಮುಂದೇನು. ಮಗಳು ಓದಿ ಮುಗಿಸಿ ಕೆಲಸಕ್ಕೆ ಸೇರಿದ್ದು ಆ ಕಲಮುಗಳ ಬಲದಿಂದಲೇ.

ಟೈಲರಮ್ಮ ನಿಜವಾಗಿ ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಬೇಗನೆ ಮುಗಿಸಿಬಿಡುವ ಒಂದು ಕಾಯಿಲೆಯಿಂದ. ಹೊರಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ಮೆಕ್ಯಾನಿಕ್ಕರಿಗೆ ಹೇಗೆ ಹೇಳುವುದೆಂದು ಮಗಳು ಒದ್ದಾಡುತ್ತಿದ್ದಳು. ಹೇಳಬೇಕಾಗಲಿಲ್ಲ. ಅವರು ಹತ್ತಿರ ಬಂದು, ಆ ಮುಖವನ್ನು ಬಹಳ ಹೊತ್ತು ನೋಡಿ, ಹೊದಿಕೆಯ ಅಂಚನ್ನು ಸರಿಮಾಡಿದರು.

“ಪಾಪ, ಅವಳಕ್ಕ. ಅವಳು ಹೋದ ಮೇಲೆ ನಮ್ಮನ್ನ ನೋಡ್ಕೊಂಡೋರು ಇವರೇ.” ಆಮೇಲೆ ಮಗಳ ಕಡೆ ತಿರುಗಿ, “ಇವರ ಮನೆಯವರಿಗೆ ತಿಳಿಸಿದ್ರೇನಮ್ಮ?” ಎಂದರು.

ಮಗಳು, “ತಿಳಿಸಿದ್ವಪ್ಪ” ಎಂದಳು.

ಮರುದಿನದಿಂದ ಮನೆ ನಡೆಯಿತು. ನರ್ಸ್ ಬಂದಳು, ಔಷಧಿ ಬಂತು, ಸಹಿ ಬಿತ್ತು. ಲಾಯರಕ್ಕನ ಪತ್ರ ಗಡಿಯಾರದ ಹಾಗೆ ಕೆಲಸ ಮಾಡಿತು. ಯಾರೂ ಒಳಕೋಣೆಯ ಕಡೆ ನೋಡಲಿಲ್ಲ. ವೃತ್ತಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಫಲವನ್ನು ನಾನು ಕಂಡಿಲ್ಲ. ಆದರೆ ಮಧ್ಯಾಹ್ನ ಮೆಕ್ಯಾನಿಕ್ ಕುರ್ಚಿಯನ್ನು ಬಾಗಿಲಿಗೆ ಆನಿಸಿ ಕೂರುತ್ತಿದ್ದರು, ಕತ್ತು ತಿರುಗಿಸುತ್ತಿದ್ದರು. ಸದ್ದಿಲ್ಲ. ಸಂಜೆಯವರೆಗೂ ಹಾಗೇ ತಿರುಗಿದ ಕತ್ತಿನಲ್ಲಿ ಕೂರುತ್ತಿದ್ದರು. ಊಟ ಬಿಟ್ಟರು. ಸೊರಗಿದರು. ಆ ಒಂದು ಕತ್ತಿಗೆ ಲಾಯರಕ್ಕ ಕಲಂ ಬರೆದಿರಲಿಲ್ಲ. ಯಾರಿಂದಲಾದರೂ ಬರೆಯಲಾಗುತ್ತಿತ್ತೇ?

ಒಳಗೆ ಕೂತು ಮಿಷನ್ ತುಳಿಯುತ್ತೀಯಾ ಎಂದು ಲಾಯರಕ್ಕ ಮಗಳನ್ನು ಕೇಳಿದಾಗ ಅವಳು ಅಡ್ಡಡ್ಡ ತಲೆಯಾಡಿಸಿದಳು. “ಮೊದಲ್ನೇ ಸಲ ಆ ಮಾತು ಬಂದಿದ್ದು ನನ್ನ ಬಾಯಿಂದ. ಆ ಮಿಷನ್ ಮುಂದೆ ನಾನು ಕೂರಲ್ಲ ಆಂಟಿ.”

ಹೊಲಿಗೆಯ ಗಂಧವೇ ಇಲ್ಲದ ಲಾಯರಕ್ಕ ಟೈಲರಮ್ಮನ ಹಳೆಯ ಶಿಷ್ಯೆಯೊಬ್ಬಳ ಬಳಿ ಹೋಗಿ ಮಿಷನ್ ತುಳಿಯುವುದನ್ನು ಕಲಿತರು. ಬರೀ ತುಳಿಯುವುದನ್ನಲ್ಲ, ಟೈಲರಮ್ಮ ಎಲ್ಲಿ ನಿಲ್ಲಿಸುತ್ತಿದ್ದಳು, ತಿರುವಿನಲ್ಲಿ ಎಷ್ಟು ನಿಧಾನ ಮಾಡುತ್ತಿದ್ದಳು, ಎಲ್ಲವನ್ನೂ. ನಿವೃತ್ತಿಯಾದ ಮೇಲೆ ಅವರು ವಿಶ್ರಾಂತಿಯಲ್ಲಿದ್ದಾರೆಂದು ಹಲವರು ತಿಳಿದಿದ್ದಾರೆ. ಅವರು ಮಧ್ಯಾಹ್ನಗಳಲ್ಲಿ ಆ ಒಳಕೋಣೆಯಲ್ಲಿ ಇರುತ್ತಾರೆ. ಬಾಗಿಲು ಮುಚ್ಚಿರುತ್ತದೆ. ಮಿಷನ್ನಿನಲ್ಲಿ ದಾರವಿರುವುದಿಲ್ಲ, ಸೂಜಿ ಬರಿ ಬಟ್ಟೆಯನ್ನು ಚುಚ್ಚುತ್ತ ಹೋಗುತ್ತದೆ.

“ಲೇ, ಏನು ಹೊಲೀತಿದ್ದೀಯಾ?” ಎನ್ನುತ್ತಾರೆ ಮೆಕ್ಯಾನಿಕ್. ಉತ್ತರ ಬರುವುದಿಲ್ಲ. “ಸಿಟ್ಟಾ? ಸರಿ ಬಿಡು, ಹೊಲಿ.” ಅಷ್ಟಕ್ಕೇ ತೃಪ್ತರಾಗಿ ಕಣ್ಣು ಮುಚ್ಚುತ್ತಾರೆ. ಈಗ ಊಟ ಮಾಡುತ್ತಾರೆ.

ಒಂದು ‘ಹ್ಞೂಂ’ ಅಂದರೂ ಸಾಕಲ್ಲವೇ, ಯಾಕೆ ಅನ್ನುವುದಿಲ್ಲ ಎಂದು ನಾನು ಕೇಳಿದೆ.

“ಸತ್ತೋರು ಮಾತಾಡಬಾರದು ಕಣೋ” ಎಂದರು.

ಇದು ಸರಿಯೋ ತಪ್ಪೋ ನನಗೆ ತಿಳಿಯದು. ವೃತ್ತಿಧರ್ಮದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಸಿಗಲಿಲ್ಲ.

ಕಚೇರಿ ಬಿಡುವ ಮುನ್ನ ಲಾಯರಕ್ಕ ತಮ್ಮದೇ ಇಲ್ಲದ ಗಂಟೆಯೊಂದನ್ನು ನಡೆಸಿದರು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ತಾವು ಕೂತು, ಕಚೇರಿಯನ್ನು ನಮಗೆ ಬಿಟ್ಟರು. ನಮ್ಮ ಕತ್ತುಗಳು ನಾಚಿಕೆಯಾಗುವಷ್ಟು ತಿರುಗಿದವು. ಹೊರಬಂದು ಎಲ್ಲದಕ್ಕೂ ವ್ಯವಸ್ಥೆ ಹೇಳಿದ ಮೇಲೆ ನನ್ನನ್ನು ಮಾತ್ರ ನಿಲ್ಲಿಸಿಕೊಂಡರು. “ಒಂದು ಕತ್ತು ನೀವ್ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ನಿಂಗೆ ಮಿಷನ್ ತುಳಿಯೋಕೆ ಬರುತ್ತೇನೋ?”

ಕಳೆದ ವಾರ ಅವರೊಂದಿಗೆ ಆ ಕೋಣೆಗೆ ಹೋದೆ. ಬಾಗಿಲು ಮುಚ್ಚಿ, ಅವರು ಗೋಡೆಗೆ ಒರಗಿ ನಿಂತರು. ನಾನು ಕೂತು ತುಳಿದೆ. ಚಕ್ರ ಒಮ್ಮೆ ಹಿಂದಕ್ಕೆ ತಿರುಗಿ, ಆಮೇಲೆ ಓಡಿತು. ಚೆನ್ನಾಗಿಯೇ ಓಡುತ್ತಿದೆ ಎಂದುಕೊಂಡೆ. ಆಚೆ ಕುರ್ಚಿ ಕಿರ್ರೆಂದಿತು.

“ಯಾರದು ಒಳಗೆ?”

ಅದು ಲೇ ಎನ್ನುವ ಸ್ವರವಾಗಿರಲಿಲ್ಲ. ಬಾಗಿಲ ಹಿಡಿ ಅಲುಗಿತು. ನನ್ನ ಕಾಲು ನಿಂತುಹೋಯಿತು. ಲಾಯರಕ್ಕ ನನ್ನನ್ನು ಎಬ್ಬಿಸಿ, ತಾವು ಕೂತು, ಪಾದವನ್ನು ಮೆಲ್ಲಗೆ ಇಟ್ಟರು. ಮೊದಲು ನಿಧಾನ, ಆಮೇಲೆ ಒಂದೇ ಸಮ, ತಿರುವಿನಲ್ಲಿ ಒಂದು ತಡೆ. ಹಿಡಿ ನಿಂತಿತು. ಬಹಳ ಹೊತ್ತಿನ ಮೇಲೆ ಆಚೆಯಿಂದ, “ಹ್ಞಾ, ಬಂದ್ಯಾ” ಎಂದು ಕೇಳಿಸಿತು.

ಆದ್ದರಿಂದ ಈ ಸಂಪುಟದ ಎಲ್ಲ ಲೇಖಕರೊಡನೆ ನಾನೂ ಲಾಯರಕ್ಕನಿಗೆ ದೀರ್ಘಾಯುಸ್ಸನ್ನು ಕೋರುತ್ತೇನೆ. ಅವರ ಕಣ್ಣು, ಕಿವಿ, ಅದರಲ್ಲೂ ಅವರ ಕಾಲು ಗಟ್ಟಿಯಾಗಿರಲಿ. ಅವರ ಕೆಲಸ ಇನ್ನೂ ಬಹುಕಾಲ ನಡೆಯಲಿ. ಇದನ್ನು ನಾನು ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. ಆ ತುಳಿತ ನನಗಿನ್ನೂ ಬಂದಿಲ್ಲ.